ಬರದೇ ಹೋದವರ ಲೆಕ್ಕ

ನಮ್ಮ ಚಿಕ್ಕಪ್ಪ ಕುಡಿತ ಬಿಡೋಕೆ ಅಂತ ಒಂದು ಸೆಂಟರ್ ಸೇರಿದ್ದರು. ಒಂದು ತಿಂಗಳು ಅಲ್ಲೇ ಇದ್ದರು. ಮನೆಗೆ ಬರುವಾಗ ಕೈಯಲ್ಲಿ ಒಂದು ಡಿಸ್ಚಾರ್ಜ್ ಕಾರ್ಡ್ ಇತ್ತು. ಅದರ ಕೊನೇ ಸಾಲು ನನಗೆ ಇನ್ನೂ ನೆನಪಿದೆ: ‘ಚಿಕಿತ್ಸೆ ಪೂರ್ಣಗೊಂಡಿದೆ, ಸ್ಥಿತಿ ಸುಧಾರಿಸಿದೆ.’ ಚಿಕ್ಕಮ್ಮ ಆ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು. ಹದಿನೇಳನೇ ದಿನ ಚಿಕ್ಕಪ್ಪ ಮತ್ತೆ ಕುಡಿದು ಬಂದರು.

ಆ ಹದಿನೇಳು ದಿನದಲ್ಲಿ ಸೆಂಟರ್‌ನಿಂದ ಒಂದು ಫೋನೂ ಬರಲಿಲ್ಲ. ಅಲ್ಲಿದ್ದವರು ಒಳ್ಳೆಯವರೇ. ಚಿಕ್ಕಪ್ಪನ ಕೈ ನಡುಗುವಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದರು. ನನ್ನನ್ನು ಕಾಡಿದ್ದು ಬೇರೆ ವಿಷಯ. ಆ ವರ್ಷದ ಕೊನೆಗೆ ಅವರು ತಮ್ಮ ಲೆಕ್ಕ ಬರೆದಾಗ ಚಿಕ್ಕಪ್ಪ ಯಾವ ಕಾಲಮ್ಮಿಗೆ ಹೋಗಿರಬಹುದು? ‘ಚಿಕಿತ್ಸೆ ಮುಗಿಸಿದವರು’ ಕಾಲಮ್ಮಿಗೆ ಅಲ್ವಾ? ಕಾಗದದ ಮೇಲೆ ಅವರು ಗುಣವಾದ ಮನುಷ್ಯ.

ಆಸ್ಪತ್ರೆ, ಕ್ಲಿನಿಕ್, ಡಿ-ಅಡಿಕ್ಷನ್ ಸೆಂಟರ್ ಎಲ್ಲವೂ ತಮ್ಮ ಕೆಲಸದ ಬಗ್ಗೆ ಏನಾದರೊಂದು ಲೆಕ್ಕ ಇಡುತ್ತವೆ. ತಿಂಗಳಿಗೆ ಎಷ್ಟು ಜನ ಬಂದರು ಅನ್ನೋದು ಅತಿ ಸುಲಭದ ಲೆಕ್ಕ. ರಿಜಿಸ್ಟರ್ ತೆಗೆದು ಎಣಿಸಿದರೆ ಮುಗೀತು. ಮೊದಲ ಸಲ ಸಹಾಯ ಕೇಳಿದವರು ಡಾಕ್ಟರ್ ಮುಂದೆ ಕೂರೋಕೆ ಎಷ್ಟು ದಿನ ಕಾದರು ಅನ್ನೋದು ಸ್ವಲ್ಪ ಕಷ್ಟದ್ದು. ಬಂದವರಿಗೆ ನಿಜಕ್ಕೂ ಹಗುರವಾಯಿತಾ ಅನ್ನೋದು ಇನ್ನೂ ಕಷ್ಟದ್ದು. ಎಲ್ಲಕ್ಕಿಂತ ಕಷ್ಟದ್ದು, ಎರಡು ಸಲ ಬಂದು ಮೂರನೇ ಸಲ ಬರದೇ ಹೋದವರ ಲೆಕ್ಕ. ಮನಸ್ಸಿನ ಕಾಯಿಲೆ ಮತ್ತು ಚಟದ ಚಿಕಿತ್ಸೆಯಲ್ಲಿ ಅಂಕಿಅಂಶಗಳು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಈ ಬರದೇ ಹೋದವರನ್ನು ಕಣ್ಣಿಗೆ ಕಾಣುವಂತೆ ಮಾಡೋದು ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಸಂದೇಹ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ, ಬಿಪಿಗೆ ಪಟ್ಟಿ ಇದೆ. ಮನಸ್ಸನ್ನು ಅಳೆಯೋದು ಹೇಗೆ? ಅದಕ್ಕೂ ಒಂದು ಸರಳ ದಾರಿ ಇದೆ. ಖಿನ್ನತೆಗೆ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯನ್ನು ಪ್ರಪಂಚದ ಎಷ್ಟೋ ಕಡೆ ಬಳಸುತ್ತಾರೆ. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ, ನಿದ್ದೆ ಹೇಗಿತ್ತು, ಸುಸ್ತಿತ್ತೇ, ಊಟ ಸೇರಿತೇ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕಾದ ಮಟ್ಟ. ಆತಂಕಕ್ಕೆ ಇದೇ ಥರದ ಜಿಎಡಿ-7 ಇದೆ, ಅದು 21ಕ್ಕೆ. ಎರಡನ್ನೂ ತುಂಬೋಕೆ ಐದು ನಿಮಿಷ ಸಾಕು.

ಈ ಅಂಕದಿಂದ ಏನು ಉಪಯೋಗ? ಒಬ್ಬ ಟೀಚರನ್ನು ಕಲ್ಪಿಸಿಕೊಳ್ಳಿ. ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಬರುತ್ತಾರೆ. ‘ಹೇಗಿದ್ದೀರಿ?’ ಅಂದರೆ ಪ್ರತಿ ಸಲ ‘ಪರವಾಗಿಲ್ಲ ಮೇಡಂ, ಸ್ವಲ್ಪ ಹುಷಾರು’ ಅನ್ನುತ್ತಾರೆ. ನಮ್ಮಲ್ಲಿ ಅದು ಮರ್ಯಾದೆ. ಇಷ್ಟು ಸಮಯ ಕೊಡುತ್ತಿರುವವರಿಗೆ ‘ನಿಮ್ಮಿಂದ ಏನೂ ಆಗಿಲ್ಲ’ ಅನ್ನೋಕೆ ಬಾಯಿ ಬರಲ್ಲ. ಆದರೆ ಕಾಗದದ ಮೇಲಿನ ಅಂಕ 18, 17, 17, 18. ನಾಲ್ಕನೇ ವಾರ ಕೌನ್ಸೆಲರ್ ನಾಲ್ಕೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡುತ್ತಾರೆ. ‘ನೋಡಿ, ನಿದ್ದೆಯ ಪ್ರಶ್ನೆಗೆ ನಾಲ್ಕು ಸಲವೂ ಮೂರೇ ಹಾಕಿದ್ದೀರಿ. ರಾತ್ರಿ ಏನಾಗುತ್ತೆ?’ ಆಗ ಮಾತು ಹೊರಗೆ ಬರುತ್ತೆ. ಹಾಸಿಗೆ ಹಿಡಿದ ಅತ್ತೆಯನ್ನು ರಾತ್ರಿ ಮೂರು ಸಲ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು, ಮನೆಯಲ್ಲಿ ಬೇರೆ ಯಾರೂ ಏಳಲ್ಲ. ಮುಂದಿನ ವಾರ ಗಂಡನನ್ನೂ ಕರೆದುಕೊಂಡು ಬನ್ನಿ ಅನ್ನುತ್ತಾರೆ ಕೌನ್ಸೆಲರ್. ಚಿಕಿತ್ಸೆಯ ದಾರಿಯೇ ಅಲ್ಲಿಂದ ಬದಲಾಗುತ್ತೆ.

ಅಂಕ ಇಲ್ಲಿ ಮೇಲಿನವರಿಗೆ ಕಳಿಸುವ ರಿಪೋರ್ಟ್ ಆಗಿರಲಿಲ್ಲ. ಇಬ್ಬರ ಮಧ್ಯೆ ಮಾತು ಬಿಚ್ಚುವ ಕೀಲಿಯಾಗಿತ್ತು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಒಂಬತ್ತನೇ ಪ್ರಶ್ನೆ ಬದುಕುವುದೇ ಬೇಡ ಅನ್ನಿಸುವ ಯೋಚನೆಗಳ ಬಗ್ಗೆ. ಒಟ್ಟು ಅಂಕ ಕಡಿಮೆಯಿದ್ದರೂ ಆ ಒಂದು ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನಾದರೂ ಬಂದಿದ್ದರೆ ಅದೇ ದಿನ, ಅದೇ ಕೋಣೆಯಲ್ಲಿ ಮಾತಾಡಬೇಕು. ಹಾಳೆಯನ್ನು ಕಂಪ್ಯೂಟರಿಗೆ ತುಂಬಿ ಸುಮ್ನೆ ಇಟ್ಟರೆ, ಕೇಳದೇ ಇರೋದಕ್ಕಿಂತ ಅದು ಕೆಟ್ಟದ್ದು.

ಇದನ್ನು ಇಡೀ ದೇಶದ ಮಟ್ಟದಲ್ಲಿ ಮಾಡಿದ್ದು ಇಂಗ್ಲೆಂಡ್. 2006ರಲ್ಲಿ ಡಾನ್‌ಕಾಸ್ಟರ್ ಮತ್ತು ಲಂಡನ್ನಿನ ನ್ಯೂಹ್ಯಾಮ್ ಅನ್ನುವ ಎರಡು ಕಡೆ ಪ್ರಯೋಗ ಮಾಡಿದರು. 2008ರಿಂದ ದೇಶಕ್ಕೆಲ್ಲ ಹರಡಿದರು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಅದರ ಹಿಂದಿದ್ದವರು. ಆಗ ಅದರ ಹೆಸರು ಐಎಪಿಟಿ, 2023ರಿಂದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್. ಖಿನ್ನತೆ, ಆತಂಕ ಇರುವವರಿಗೆ ಮಾತಿನ ಚಿಕಿತ್ಸೆ ಕೊಡುವ ಸೇವೆ ಅದು.

ಅವರು ಒಂದು ಸಣ್ಣ ನಿಯಮ ಮಾಡಿಕೊಂಡರು. ಮೊದಲ ದಿನ ಮತ್ತು ಕೊನೇ ದಿನ ಮಾತ್ರ ಅಂಕ ಕೇಳೋದು ಬೇಡ, ಪ್ರತಿ ಭೇಟಿಯಲ್ಲೂ ಕೇಳಬೇಕು. ಕೇಳೋಕೆ ಇದೇನು ಮಹಾ ಅನ್ನಿಸಬಹುದು. ಆದರೆ ಇಡೀ ಕಥೆಯ ಗುಟ್ಟು ಅಲ್ಲೇ ಇದೆ. ಕೊನೇ ದಿನ ಅಂತ ಒಂದು ದಿನ ಎಲ್ಲರಿಗೂ ಬರಲ್ಲ. ಎಷ್ಟೋ ಜನ ಹೇಳದೇ ಕೇಳದೇ ಬಿಟ್ಟುಬಿಡುತ್ತಾರೆ. ಹಳೇ ಪದ್ಧತಿಯಲ್ಲಿ ಅವರ ಕೊನೇ ಅಂಕವೇ ಇರಲಿಲ್ಲ. ಹಾಗಾಗಿ ಲೆಕ್ಕದಿಂದಲೇ ಮಾಯ. ಪ್ರತಿ ಭೇಟಿಯಲ್ಲೂ ಅಂಕ ತೆಗೆದುಕೊಂಡರೆ, ಬಿಟ್ಟುಹೋದವರೂ ಕೊನೇ ಸಲ ಬಂದಾಗ ಹೇಗಿದ್ದರು ಅಂತ ಗೊತ್ತಿರುತ್ತೆ. ಪ್ರಯೋಗ ಮಾಡಿದ ಎರಡು ಊರುಗಳಲ್ಲಿ ಎರಡೂ ಪದ್ಧತಿಗಳನ್ನು ಹೋಲಿಸಿ ನೋಡಿದರು. ಹಳೇ ಪದ್ಧತಿಯ ಲೆಕ್ಕಕ್ಕೆ ಸಿಗದೇ ಹೋಗುತ್ತಿದ್ದವರಲ್ಲಿ ಕಂಡ ಸುಧಾರಣೆ, ಲೆಕ್ಕಕ್ಕೆ ಸಿಕ್ಕವರದರ ಸುಮಾರು ಅರ್ಧದಷ್ಟೇ ಇತ್ತು. ಅಂದರೆ ಹಳೇ ಲೆಕ್ಕ ಸೇವೆಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಬರದೇ ಹೋದವರನ್ನು ಎಣಿಸಿರಲಿಲ್ಲ, ಅಷ್ಟೇ.

ನನಗೆ ಚಿಕ್ಕಪ್ಪನ ಕಾರ್ಡ್ ನೆನಪಾಗಿದ್ದು ಇಲ್ಲೇ.

ಈಗ ಅಲ್ಲಿ ಚಿಕಿತ್ಸೆ ಮುಗಿಸಿದ ನೂರು ಜನರಲ್ಲಿ ಸುಮಾರು 98 ಜನರ ಮೊದಲ ಮತ್ತು ಕೊನೆಯ ಅಂಕ ಸಿಗುತ್ತೆ. ಯಾವ ಪ್ರದೇಶದ ಸೇವೆಯಲ್ಲಿ ಎಷ್ಟು ಜನ ಚೇತರಿಸಿಕೊಂಡರು, ಎಷ್ಟು ದಿನ ಕಾದರು ಅನ್ನೋದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಅರ್ಧದಷ್ಟು ಜನರಾದರೂ ಚೇತರಿಸಿಕೊಳ್ಳಬೇಕು ಅನ್ನೋದು ಗುರಿಯಾಗಿತ್ತು. ಅದನ್ನು ಮುಟ್ಟೋಕೆ 2017ರವರೆಗೆ ಸಮಯ ಹಿಡೀತು. 2018ರಲ್ಲಿ ಕ್ಲಾರ್ಕ್ ಮತ್ತು ಜೊತೆಗಾರರು ಆ ಅಂಕಿಅಂಶಗಳನ್ನು ಇಟ್ಟುಕೊಂಡು ಯಾವ ಸೇವೆಗಳಲ್ಲಿ ಫಲ ಚೆನ್ನಾಗಿದೆ ಅಂತ ಹುಡುಕಿದರು. ಕಾಯುವ ಸಮಯ ಕಡಿಮೆ ಇದ್ದ ಕಡೆ, ಅಪಾಯಿಂಟ್‌ಮೆಂಟ್ ತಪ್ಪಿಸುವವರು ಕಡಿಮೆ ಇದ್ದ ಕಡೆ, ಸಮಸ್ಯೆ ಏನು ಅಂತ ಸರಿಯಾಗಿ ಗುರುತಿಸಿ ಬರೆದ ಕಡೆ, ಬೇಕಾದಷ್ಟು ಸಲ ಭೇಟಿ ಕೊಟ್ಟ ಕಡೆ ಫಲ ಚೆನ್ನಾಗಿತ್ತು. ಬಡತನ ಜಾಸ್ತಿ ಇದ್ದ ಪ್ರದೇಶಗಳಲ್ಲಿ ಫಲ ಕಡಿಮೆ. ಇದರಲ್ಲಿ ಬಡತನ ಕ್ಲಿನಿಕ್ಕಿನ ಕೈಯಲ್ಲಿಲ್ಲ. ಉಳಿದ ನಾಲ್ಕೂ ಅವರ ಕೈಯಲ್ಲೇ ಇವೆ.

ಈ ಲೆಕ್ಕದಲ್ಲೂ ತೂತುಗಳಿವೆ. ಅವನ್ನು ಮುಚ್ಚಿಡಬಾರದು. ‘ಚೇತರಿಕೆ’ ಅಂದರೆ ಅವರ ಪ್ರಕಾರ ಕಾಯಿಲೆಯ ಗೆರೆಯ ಮೇಲಿದ್ದವರು ಗೆರೆಯ ಕೆಳಗೆ ಬರೋದು. ಹತ್ತರಲ್ಲಿದ್ದವರು ಒಂಬತ್ತಕ್ಕೆ ಬಂದು, ಆತಂಕದ ಅಂಕವೂ ಕೆಳಗಿದ್ದರೆ ಚೇತರಿಸಿಕೊಂಡ ಹಾಗೆ. 26ರಲ್ಲಿದ್ದವರು ಹನ್ನೆರಡಕ್ಕೆ ಬಂದರೆ ಚೇತರಿಸಿಕೊಂಡಿಲ್ಲ! ಆ ಎರಡನೆಯವರ ಮನೆಯವರನ್ನು ಕೇಳಿ ನೋಡಿ, ಏನು ಹೇಳುತ್ತಾರೆ ಅಂತ. ಅದಕ್ಕೇ ಇನ್ನೊಂದು ಅಳತೆಯನ್ನೂ ಜೊತೆಗಿಟ್ಟರು. ಪಿಎಚ್‌ಕ್ಯೂ-9ರಲ್ಲಿ ಆರು ಅಂಕ, ಜಿಎಡಿ-7ರಲ್ಲಿ ನಾಲ್ಕು ಅಂಕ ಇಳಿದರೆ ಅದು ನಂಬಬಹುದಾದ ಸುಧಾರಣೆ. ಇನ್ನೊಂದು ತೂತು ದೊಡ್ಡದು. ‘ಚಿಕಿತ್ಸೆ ಮುಗಿಸಿದವರು’ ಅಂದರೆ ಕನಿಷ್ಠ ಎರಡು ಸಲ ಚಿಕಿತ್ಸೆಗೆ ಬಂದವರು. ಒಂದೇ ಸಲ ಬಂದು ಬಿಟ್ಟವರು ಚೇತರಿಕೆಯ ಲೆಕ್ಕದ ಹೊರಗೇ ಉಳಿಯುತ್ತಾರೆ. ಇಷ್ಟು ಜಾಗ್ರತೆಯಿಂದ ಕಟ್ಟಿದ ಲೆಕ್ಕದಿಂದಲೂ ಅವರು ಜಾರಿಹೋಗುತ್ತಾರೆ.

ಚಟದ ಚಿಕಿತ್ಸೆಯಲ್ಲಿ ಈ ಜಾರಿಹೋಗುವಿಕೆ ಇನ್ನೂ ಜಾಸ್ತಿ. ಕುಡಿಯುವವರ ಮನೆಯಲ್ಲಿ ಇದ್ದವರಿಗೆ ಗೊತ್ತು, ‘ಸರಿ, ನಾಳೆ ಹೋಗೋಣ’ ಅನ್ನುವ ಗಳಿಗೆ ಎಷ್ಟು ಅಪರೂಪ ಅಂತ. ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೆ. ಆ ಹೊತ್ತಿಗೆ ಫೋನ್ ಮಾಡಿದರೆ ‘ಮೂರು ವಾರ ಬಿಟ್ಟು ಬನ್ನಿ’ ಅಂದರೆ ಆ ಗಳಿಗೆ ಕೈತಪ್ಪಿತು ಅಂತಲೇ ಅರ್ಥ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಗಸ್ಟಫ್‌ಸನ್ ಎಂಜಿನಿಯರಿಂಗ್ ಹಿನ್ನೆಲೆಯವರು. 2003ರಲ್ಲಿ ಅವರು ಎನ್‌ಐಎಟಿಎಕ್ಸ್ ಅನ್ನುವ ಒಂದು ಕೂಟ ಕಟ್ಟಿದರು. ಡಿ-ಅಡಿಕ್ಷನ್ ಸೆಂಟರ್‌ಗಳನ್ನು ಸುಧಾರಿಸುವುದೇ ಅದರ ಕೆಲಸ. ಅವರು ಸೆಂಟರ್‌ಗಳಿಗೆ ಕೊಟ್ಟ ಮೊದಲ ಹೋಂವರ್ಕ್ ನನಗೆ ಬಹಳ ಇಷ್ಟ. ನೀವೇ ರೋಗಿಯ ಜಾಗದಲ್ಲಿ ನಿಂತು ನಿಮ್ಮದೇ ಸೆಂಟರ್‌ಗೆ ಫೋನ್ ಮಾಡಿ. ಯಾರು ಎತ್ತುತ್ತಾರೆ ನೋಡಿ. ಎಷ್ಟು ದಿನಕ್ಕೆ ಕರೆಯುತ್ತಾರೆ ನೋಡಿ. ಹೋಗಿ ಬೆಂಚಿನ ಮೇಲೆ ಕೂರಿ. ಅದೇ ಹೆಸರು, ಅದೇ ವಿಳಾಸ ಎಷ್ಟು ಫಾರ್ಮಿನಲ್ಲಿ ಬರೆಸುತ್ತಾರೆ ಎಣಿಸಿ. ಮನೆಯವರೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರನ್ನು ಯಾರಾದರೂ ಮಾತಾಡಿಸುತ್ತಾರಾ ನೋಡಿ.

ಆಮೇಲೆ ಒಂದೊಂದೇ ಸಣ್ಣ ಬದಲಾವಣೆ. ಬೆಳಿಗ್ಗೆ ಸ್ವಲ್ಪ ಹೊತ್ತು ಯಾರು ಬಂದರೂ ನೋಡೋದು. ಹಿಂದಿನ ದಿನ ನೆನಪಿಸುವ ಫೋನ್. ಎರಡು ಫಾರ್ಮನ್ನು ಒಂದು ಮಾಡೋದು. ಮಾಡಿ, ಎರಡು ವಾರ ಅಳೆದು, ಉಪಯೋಗವಾದರೆ ಇಟ್ಟುಕೊಳ್ಳೋದು, ಇಲ್ಲದಿದ್ದರೆ ಬಿಡೋದು. ಮೊದಲ ತಂಡದ ಸೆಂಟರ್‌ಗಳಲ್ಲಿ ಫೋನ್ ಮಾಡಿದ ದಿನದಿಂದ ಚಿಕಿತ್ಸೆ ಶುರುವಾಗುವವರೆಗೆ ಸರಾಸರಿ 19.6 ದಿನ ಹಿಡಿಯುತ್ತಿದ್ದದ್ದು 12.4 ದಿನಕ್ಕೆ ಇಳಿಯಿತು. ಮೊದಲ ಸಲ ಬಂದವರಲ್ಲಿ ಎರಡನೇ ಸಲವೂ ಬಂದವರು ನೂರಕ್ಕೆ 72 ಇದ್ದರು, 85 ಆದರು. ಹೊಸ ಔಷಧಿಯೇನೂ ಬಂದಿರಲಿಲ್ಲ. ಬಾಗಿಲು ಸ್ವಲ್ಪ ಅಗಲವಾಗಿ ತೆರೆದಿತ್ತು, ಅಷ್ಟೇ.

ಹಾಗಾದರೆ ಎಲ್ಲ ಕಡೆ ಲೆಕ್ಕ ಇಟ್ಟು, ಒಳ್ಳೆ ಲೆಕ್ಕ ತೋರಿಸಿದವರಿಗೆ ದುಡ್ಡು ಜಾಸ್ತಿ ಕೊಟ್ಟರೆ ಆಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ಹಾಗೆ ಮಾಡಿ ನೋಡಿದ್ದಾರೆ ಕೂಡ. ಅಮೆರಿಕದ ಮೇನ್ ರಾಜ್ಯ 1990ರ ದಶಕದ ಶುರುವಿನಲ್ಲಿ ಚಟ ಬಿಡಿಸುವ ಸೆಂಟರ್‌ಗಳ ಅನುದಾನವನ್ನು ಫಲಿತಾಂಶಕ್ಕೆ ಗಂಟು ಹಾಕಿತು. ಆಮೇಲೆ ಸಂಶೋಧಕರು ನೋಡಿದರೆ, ತೀರಾ ಕೆಟ್ಟ ಸ್ಥಿತಿಯಲ್ಲಿದ್ದವರು ಆ ಸೆಂಟರ್‌ಗಳಿಗೆ ಸೇರುವುದೇ ಕಡಿಮೆಯಾಗಿತ್ತು. ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಬೇಗ ಗುಣವಾಗುವವರನ್ನು ಸೇರಿಸಿಕೊಂಡರೆ ಅಂಕ ಚೆನ್ನಾಗಿರುತ್ತೆ. ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರೇ ಬಾಗಿಲ ಹೊರಗೆ. ಇಂಗ್ಲೆಂಡ್ 2012ರಿಂದ 2014ರವರೆಗೆ ಎಂಟು ಕಡೆ ಇಂಥದ್ದೇ ಪ್ರಯೋಗ ಮಾಡಿತು. ಚಿಕಿತ್ಸೆ ಪೂರ್ತಿ ಮುಗಿಸುವವರು ಜಾಸ್ತಿಯಾಗಲಿ ಅಂತ ದುಡ್ಡು ಕಟ್ಟಿದರೆ, ಮುಗಿಸುವವರ ಪ್ರಮಾಣ ಬೇರೆ ಕಡೆಗಿಂತ ಕಡಿಮೆಯೇ ಆಯಿತು.

ಆದರೆ ಅಮೆರಿಕದ ಡೆಲವೇರ್ ರಾಜ್ಯದ ಅನುಭವ ಬೇರೆ. 2002ರಲ್ಲಿ ಅವರೂ ದುಡ್ಡನ್ನು ಲೆಕ್ಕಕ್ಕೆ ಕಟ್ಟಿದರು. ಕಟ್ಟಿದ್ದು ಮಾತ್ರ ಗುಣವಾದವರ ಸಂಖ್ಯೆಗಲ್ಲ. ಇರುವ ಜಾಗ ಪೂರ್ತಿ ಬಳಕೆಯಾಗುತ್ತಿದೆಯಾ, ಸೇರಿದವರು ಬಿಡದೇ ಬರುತ್ತಿದ್ದಾರಾ ಅನ್ನೋದಕ್ಕೆ. 2001ರಲ್ಲಿ ನೂರಕ್ಕೆ 54ರಷ್ಟು ಮಾತ್ರ ಬಳಕೆಯಾಗುತ್ತಿದ್ದ ಜಾಗ 2006ರ ಹೊತ್ತಿಗೆ 95ಕ್ಕೆ ಏರಿತು. ಸೆಂಟರ್‌ಗಳು ಕಾರ್ಯಕ್ರಮದ ಸಮಯ ಬದಲಿಸಿದವು, ಕಟ್ಟಡಗಳನ್ನು ಸರಿಮಾಡಿಕೊಂಡವು. ಕೆಲವರು ಒಳ್ಳೆ ಅಂಕ ತಂದ ಬೇರೆ ಸೆಂಟರ್‌ನವರನ್ನು ಕೇಳಿ ಕಲಿತರು. ಎರಡಕ್ಕೂ ವ್ಯತ್ಯಾಸ ನೋಡಿ. ಒಂದು ಕಡೆ ಯಾರನ್ನು ಹೊರಗಿಡೋಣ ಅಂತ ಯೋಚಿಸುವ ಹಾಗೆ ಲೆಕ್ಕ ಕೂತಿತ್ತು. ಇನ್ನೊಂದು ಕಡೆ ಬಂದವರನ್ನು ಹೇಗೆ ಉಳಿಸಿಕೊಳ್ಳೋಣ ಅಂತ ಯೋಚಿಸುವ ಹಾಗೆ.

ನಮ್ಮ ಕಡೆಗೆ ಬರೋಣ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿನಲ್ಲಿ ಏನಾದರೊಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಟದ ಬಗ್ಗೆ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿನ ಒಂದು ಅಂಕಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಡಿಸ್ಚಾರ್ಜ್ ಕಾರ್ಡ್ ಹಿಡಿದು ಬಂದ ನಮ್ಮ ಚಿಕ್ಕಪ್ಪ ಆ 180ಕ್ಕೆ ಒಬ್ಬರು.

ಇಂಥ ಕಡೆ ‘ಈ ತಿಂಗಳು ಇಷ್ಟು ಜನರನ್ನು ನೋಡಿದೆವು’ ಅನ್ನುವ ಲೆಕ್ಕ ಎಷ್ಟು ದೂರ ಹೋಗುತ್ತೆ? ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಅನ್ನೋದನ್ನೂ ಹೇಳಬೇಕು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಾನಸಿಕ ಕಾಯಿಲೆಗಳ ಮಂಗಳವಾರದ ಕ್ಲಿನಿಕ್ ಬಂತು. 2020ರಲ್ಲಿ ಇ-ಮನಸ್ ಅನ್ನುವ ಡಿಜಿಟಲ್ ದಾಖಲೆ ವ್ಯವಸ್ಥೆ ಬಂತು. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಟ್ರಿಪಲ್ ಐಟಿ ಸೇರಿ ರಾಜ್ಯ ಸರ್ಕಾರಕ್ಕೆ ಮಾಡಿಕೊಟ್ಟದ್ದು.

ತಾಲ್ಲೂಕು ಆಸ್ಪತ್ರೆಯ ಮಂಗಳವಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹನ್ನೊಂದು ಗಂಟೆಗೆ ಕಾರಿಡಾರ್ ತುಂಬ ಜನ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟವರು, ಕೈಯಲ್ಲಿ ಹಳೇ ಚೀಟಿ, ಕವರಿನಲ್ಲಿ ಖಾಲಿ ಮಾತ್ರೆ ಪಟ್ಟಿ. ಅಷ್ಟು ಜನರನ್ನು ನೋಡಿ ಮುಗಿಸುವಷ್ಟರಲ್ಲಿ ಡಾಕ್ಟರಿಗೆ ಮಧ್ಯಾಹ್ನದ ಊಟ ತಪ್ಪಿರುತ್ತೆ. ಹೋದ ತಿಂಗಳು ಬಂದಿದ್ದು ಈ ತಿಂಗಳು ಬರದ ಐದು ಜನ ಯಾರು ಅಂತ ಆ ಗಲಾಟೆಯಲ್ಲಿ ಯಾರಿಗೆ ನೆನಪಾಗಬೇಕು? ಬಂದವರು ಸದ್ದು ಮಾಡುತ್ತಾರೆ. ಬರದವರು ಸದ್ದು ಮಾಡಲ್ಲ. ಕಂಪ್ಯೂಟರಿನಲ್ಲಿರುವ ದಾಖಲೆ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ, ಸಂಜೆ ಐದು ಗಂಟೆಗೆ ಆ ಐದು ಹೆಸರನ್ನು ಹೊರಗೆ ತೆಗೆದುಕೊಟ್ಟರೆ.

ಹೀಗೆ ಮಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ. ಸುಮಾರು ಎರಡು ದಶಕದ ಹಿಂದೆ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹುಡುಕಿಕೊಂಡು ಹೋದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕಾಯಿಲೆ ಇದ್ದವರನ್ನು ಗುರುತಿಸಿದರು. ಆಮೇಲೆ ವರ್ಷಗಟ್ಟಲೆ ಅವರನ್ನು ಹಿಂಬಾಲಿಸಿದರು. ಬರದೇ ಹೋದವರಿಗೆ ಫೋನ್, ಫೋನಿಗೂ ಸಿಗದವರ ಮನೆಗೆ ಭೇಟಿ. ಮಲೆನಾಡಿನ ಒಂಟಿ ಮನೆಗಳನ್ನು ನೋಡಿದವರಿಗೆ ಗೊತ್ತು, ಅದು ಎಂಥ ಓಡಾಟ ಅಂತ. ಅವರು ಅಳೆದದ್ದು ಮಾತ್ರೆ ಎಷ್ಟು ಹಂಚಿದೆವು ಅನ್ನೋದನ್ನಷ್ಟೇ ಅಲ್ಲ. ಆ ಮನುಷ್ಯ ಸ್ನಾನ ಮಾಡುತ್ತಾನಾ, ಮನೆಯವರ ಜೊತೆ ಮಾತಾಡುತ್ತಾನಾ, ಕೆಲಸಕ್ಕೆ ಹೋಗುತ್ತಾನಾ ಅನ್ನೋದನ್ನೂ ಅಳೆದರು. ಮೊದಲು ಚಿಕಿತ್ಸೆ ಇಲ್ಲದೇ ಇದ್ದು ಆಮೇಲೆ ಔಷಧಿ ಶುರುಮಾಡಿದವರು ಈ ದಿನನಿತ್ಯದ ಬದುಕಿನಲ್ಲಿ ಸುಧಾರಿಸಿದರು. ಚಿಕಿತ್ಸೆ ಇಲ್ಲದೇ ಉಳಿದವರು ಹಾಗೇ ಉಳಿದರು. ಯೋಜನೆ ಮುಂದೆ ತುರುವೇಕೆರೆಗೂ ಹೋಯಿತು.

ಗುಟ್ಟಿನ ಪ್ರಶ್ನೆಯೂ ಒಂದಿದೆ. ಹಳ್ಳಿಯಲ್ಲಿ ಆಸ್ಪತ್ರೆಯವರು ಮನೆ ಬಾಗಿಲಿಗೆ ಬಂದರೆ ಪಕ್ಕದ ಮನೆಯವರು ‘ಯಾರು, ಏನು’ ಅಂತ ಕೇಳಿಯೇ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಹಾಗಾಗಿ ಫಾಲೋ ಅಪ್ ಹೇಗೆ ಮಾಡಬೇಕು, ಯಾವ ನಂಬರಿಗೆ ಮಾಡಬೇಕು, ಮನೆಗೆ ಬರಬಹುದಾ ಅಂತ ಮೊದಲ ದಿನವೇ ರೋಗಿಯನ್ನೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮೇಲಕ್ಕೆ ಹೋಗುವ ರಿಪೋರ್ಟಿನಲ್ಲಿ ಹೆಸರು ಇರಬಾರದು. ಯಾರದೇ ಮನೆಯಲ್ಲಿ ಇಂಥ ಕಷ್ಟ ಇದ್ದು ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಣ್ಣ ಸೆಂಟರ್‌ಗೆ ಇದಕ್ಕೆಲ್ಲ ಸಾಫ್ಟ್‌ವೇರ್ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ಎಡಗಡೆ ಡಿಸ್ಚಾರ್ಜ್ ಆದವರ ಹೆಸರು. ಪಕ್ಕದಲ್ಲಿ ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ಒಂದು ತಿಂಗಳು, ಮೂರು ತಿಂಗಳು ಅಂತ ಖಾಲಿ ಮನೆಗಳು. ಫೋನ್ ಮಾಡಿದ ದಿನ ಒಂದು ಗುರುತು, ಏನೆಂದರು ಅಂತ ಒಂದು ಸಾಲು. ಮತ್ತೆ ಕುಡಿದಿದ್ದರೆ ಅದನ್ನೂ ಬರೆಯಬೇಕು, ಅದಕ್ಕೆ ಯಾರನ್ನೂ ಬೈಯಬಾರದು. ಬೈದರೆ ಮುಂದಿನ ಸಲ ಸುಳ್ಳು ಬರೆಯುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ಟೀ ಹಿಡಿದು ಕೂತು ಖಾಲಿ ಉಳಿದ ಮನೆಗಳನ್ನು ನೋಡಬೇಕು. ಸೋಮವಾರ ಡಿಸ್ಚಾರ್ಜ್ ಆದವರು ಉಳಿಯುತ್ತಾರಾ, ಶನಿವಾರ ಸಂಜೆ ಕಳಿಸಿದವರು ಬೀಳುತ್ತಾರಾ, ಇಂಥದ್ದೆಲ್ಲ ಅಲ್ಲೇ ಕಾಣುತ್ತೆ.

ನಮ್ಮ ಚಿಕ್ಕಪ್ಪ ಮರುವರ್ಷ ಇನ್ನೊಂದು ಕಡೆ ಸೇರಿದರು. ಬಂದ ಮೂರನೇ ದಿನ ಅಲ್ಲಿಂದ ಫೋನ್ ಬಂತು. ಅವರು ಎತ್ತಲಿಲ್ಲ. ನಾಲ್ಕನೇ ದಿನ ಮತ್ತೆ ಬಂತು, ಚಿಕ್ಕಮ್ಮ ಎತ್ತಿ ‘ಮಲಗಿದ್ದಾರೆ’ ಅಂದರು. ಏಳನೇ ದಿನ ಮತ್ತೆ ಬಂತು. ಆವತ್ತು ಚಿಕ್ಕಪ್ಪ ಫೋನ್ ಹಿಡಿದು ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಒಳಗೆ ಬಂದು ಚಿಕ್ಕಮ್ಮನಿಗೆ, ‘ಗುರುವಾರ ಬರ್ತೀನಿ ಅಂತ ಹೇಳಿದೀನಿ, ಬೆಳಿಗ್ಗೆ ಬಸ್ಸಿಗೆ ಎಬ್ಬಿಸು’ ಅಂದರು.